ಮೊಲದ ಮರಿಗಳ ಮೇವಿಗೆ ಮಿತಿ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಿಡುವಳಿದಾರರಿಗೆ ದನಕರುಗಳ ಪಾಲನೆಯಾಗಲಿ, ಕುರಿಗಳ ಪೋಷಣೆಯಾಗಲಿ, ರೇಷ್ಮೆಹುಳುಗಳ ಸಾಕಣೆಯಾಗಲಿ ಹೊಸದಲ್ಲ. ಕೃಷ್ಣರಾಜಸಾಗರದ ಅಣೆಕಟ್ಟು ೧೯೩೨ರಲ್ಲಿ ಮುಗಿದು, ವಿಶ್ವೇಶ್ವರಯ್ಯ ನಾಲೆಯ ನೀರು ಈ ಸೀಮೆಯ ಹೊಲಗಳಿಗೆ ಹರಿದ ಮೇಲೆ ಬದುಗಳಲ್ಲಿ ಹಸಿರುಮೇವು ವರ್ಷದ ಬಹುಭಾಗ ದೊರೆಯುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಬದುವಿನ ಹುಲ್ಲು, ಹಿಪ್ಪುನೇರಳೆಯ ಉಳಿಕೆ ಸೊಪ್ಪು, ಕುದುರೆಮಸಾಲೆ, ಅಗಸೆಸೊಪ್ಪು ಇವೆಲ್ಲ ಕೈಗೆ ಸಿಗುವಂತಿರುವಾಗ, ಸ್ವಲ್ಪ ಸ್ಥಳದಲ್ಲಿ ಸ್ವಲ್ಪ ಬಂಡವಾಳದಿಂದ ಮೊಲಗಳನ್ನು ಸಾಕಿ ಉಪಕಸುಬು ಮಾಡಿಕೊಳ್ಳೋಣವೆಂಬ ಆಸೆ ಕೆಲವರಲ್ಲಿ ಹುಟ್ಟುವುದು ಸ್ವಾಭಾವಿಕ. ಇಲ್ಲಿ ಹೇಳುವುದು ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ ಮೊದಲಾದ ಸಾಕುಮೊಲಗಳ ವಿಷಯ. ಹೊಲದಲ್ಲಿ ಓಡಾಡುವ ಕಾಡುಮೊಲವೇ ಬೇರೆ ಜಾತಿ. ಅದಕ್ಕೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿರುವುದರಿಂದ ಅದನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧವೆಂಬುದನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಯಪಡಿಸಬೇಕು.

ಈ ಕಸುಬಿಗೆ ಕೈಹಾಕಿದವರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ. ತಾಯಿಯ ಮಗ್ಗುಲಲ್ಲಿ ಇರುವಷ್ಟು ಕಾಲ ಮರಿಗಳು ಚೆನ್ನಾಗಿ ಬೆಳೆಯುತ್ತವೆ. ನಾಲ್ಕರಿಂದ ಆರು ವಾರದ ಪ್ರಾಯದಲ್ಲಿ ಹಾಲು ಬಿಡಿಸಿ ಬೇರೆ ಪಂಜರಕ್ಕೆ ಹಾಕಿದ ಎರಡು ಮೂರು ವಾರಗಳೊಳಗಾಗಿ ಹೊಟ್ಟೆ ಉಬ್ಬರಿಸಿಕೊಂಡು, ನೀರಿನಂತೆ ಅಥವಾ ಲೋಳೆಲೋಳೆಯಾಗಿ ಭೇದಿ ಮಾಡಿಕೊಂಡು, ಒಂದೆರಡು ದಿನಗಳಲ್ಲಿ ಸಾಯುತ್ತವೆ. ಸಾಯುವುದು ಬಡಕಲು ಮರಿಯೇ ಆಗಬೇಕೆಂದಿಲ್ಲ. ಅನೇಕ ವೇಳೆ ಎಲ್ಲಕ್ಕಿಂತ ಹೆಚ್ಚಾಗಿ ತಿಂದು ದುಂಡಗಾಗಿದ್ದ ಮರಿಯೇ ಮೊದಲು ಮಲಗುತ್ತದೆ. ಆಗ ಯಜಮಾನನು, “ಮೇವಿಗೇನೂ ಕಡಮೆ ಮಾಡಲಿಲ್ಲವಲ್ಲ!” ಎಂದು ಪರಿತಪಿಸುತ್ತಾನೆ. ನನ್ನ ಅಭಿಪ್ರಾಯವೇನೆಂದರೆ, ಅವನ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಆ ಮಾತಿನಲ್ಲಿಯೇ ಅಡಗಿದೆ. ಕಡಮೆ ಮಾಡಬೇಕಾಗಿದ್ದ ಮೂರು ವಾರಗಳಲ್ಲಿ ಕಡಮೆ ಮಾಡದೆ ಇದ್ದುದೇ ನಷ್ಟಕ್ಕೆ ಒಂದು ಮುಖ್ಯ ಕಾರಣ.

ಈ ಮಾತು ನಮ್ಮ ಸೀಮೆಯ ರೂಢಿಗೆ ವಿರೋಧವಾಗಿ ಕಾಣಬಹುದು. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನು ಹೊತ್ತಿರುವ ಕುರಿಯ ತಳಿ ನಾಡಿನಲ್ಲೆಲ್ಲ ಹೆಸರಾಗಿದೆ. ಅದೇ ತಾಲ್ಲೂಕಿನ ಧನಗೂರಿನಲ್ಲಿ ಅದರ ಸಂವರ್ಧನೆಗಾಗಿ ಸರ್ಕಾರಿ ಕ್ಷೇತ್ರವೂ ಉಂಟು. ಟಗರಿಗೆ ಹುರುಳಿ, ಹಿಂಡಿ, ಸೊಪ್ಪು ಇವುಗಳನ್ನು ತಿನ್ನಿಸಿ ಮೈತುಂಬಿಸುವುದು ಇಲ್ಲಿಯ ಮನೆಮನೆಯ ವಿದ್ಯೆ. ಕೊಬ್ಬಿದ ಟಗರಿಗೆ ಬೆಲೆ ಹೆಚ್ಚು, ಸಾಕಿದವನಿಗೆ ಊರಿನಲ್ಲಿ ಹೆಸರು. ಆದುದರಿಂದ ಅದೇ ಕೈ ಮೊಲದ ಪಂಜರದ ಮುಂದೆಯೂ ಬೂಸಾ ಹಿಂಡಿಗಳನ್ನು ಧಾರಾಳವಾಗಿ ಸುರಿಯುತ್ತದೆ. ಆದರೆ ಕುರಿಯು ನಾಲ್ಕು ಕೋಣೆಗಳ ಹೊಟ್ಟೆಯುಳ್ಳ, ಮೆಲುಕು ಹಾಕುವ ಪ್ರಾಣಿ. ಮೊಲವು ಒಂದೇ ಜಠರವುಳ್ಳದ್ದು, ಮೆಲುಕು ಹಾಕತಕ್ಕದ್ದಲ್ಲ. ಅಷ್ಟೇಕೆ, ಕುರಿಯಲ್ಲಿಯೂ ಅತಿಮೇವು ನಿರಪಾಯಕರವಲ್ಲ. ಮುಂಗಾರಿನ ಎಳೆಹುಲ್ಲನ್ನೋ ಕಾಳನ್ನೋ ಯಥೇಚ್ಛವಾಗಿ ತಿಂದ ಮರಿಗಳನ್ನೇ ಕರುಳುಬೇನೆಯು ಆರಿಸಿಕೊಂಡು ಕೊಲ್ಲುತ್ತದೆಂಬುದನ್ನೂ, ಅದಕ್ಕಾಗಿಯೇ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುವುದೆಂಬುದನ್ನೂ ಕುರಿಗಾರರು ಬಲ್ಲರು.

ಮೊಲದ ಜೀರ್ಣಾಂಗದ ರಚನೆಯನ್ನು ಸ್ವಲ್ಪ ತಿಳಿದರೆ ವಿಷಯವು ಸ್ಪಷ್ಟವಾಗುತ್ತದೆ. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವ ಸ್ಥಳದಲ್ಲಿ ಚೀಲದಂತಹ ದೊಡ್ಡದೊಂದು ಭಾಗವುಂಟು. ಇದಕ್ಕೆ ಅಂಧಾಂತ್ರವೆಂದು ಹೆಸರು. ಮೇಲಿನ ಕರುಳಿನಲ್ಲಿ ಅರಗದೆ ಬಂದ ಆಹಾರವು ಇಲ್ಲಿ ನಿಂತು, ಅಸಂಖ್ಯಾತ ಸೂಕ್ಷ್ಮಜೀವಿಗಳಿಂದ ಹುಳಿಯುತ್ತದೆ. ಹೀಗೆ ಹುಳಿತದ್ದರಲ್ಲಿ ಒಂದಂಶವನ್ನು ಮೊಲವು ಮೆತ್ತನೆಯ ಹಿಕ್ಕೆಯಾಗಿ ಹೊರಕ್ಕೆ ಬಿಟ್ಟು, ಕೂಡಲೇ ತಾನೇ ತಿಂದು, ಅದರಲ್ಲಿರುವ ಸಾರವನ್ನು ಮತ್ತೊಮ್ಮೆ ಪಡೆಯುತ್ತದೆ. ಇದು ರೋಗವಲ್ಲ, ಅದರ ಧರ್ಮ. ತಾಯಿಮೊಲವು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಅದೂ ಕೆಲವೇ ನಿಮಿಷಗಳ ಕಾಲ, ಮರಿಗಳಿಗೆ ಹಾಲೂಡುತ್ತದೆ. ಮರಿಯು ಮೂರನೆಯ ವಾರದಿಂದ ಮೇವನ್ನು ಮುಟ್ಟಲಾರಂಭಿಸಿದರೂ, ಆ ಸೂಕ್ಷ್ಮಜೀವಿಗಳ ಸಂಸಾರವು ಅದರ ಕರುಳಿನಲ್ಲಿ ನೆಲೆಗೊಳ್ಳಲು ಇನ್ನೂ ಕೆಲವು ವಾರಗಳು ಬೇಕು. ಇಂತಹ ಸಂಧಿಕಾಲದಲ್ಲಿ ಹಾಲು ನಿಂತುಹೋಗಿ, ಹಸಿದ ಮರಿಯು ಪಿಷ್ಟವೂ ಸಾರವೂ ಹೆಚ್ಚಾಗಿರುವ ಮೇವನ್ನು ಹೊಟ್ಟೆ ಬಿರಿಯೆ ತಿಂದರೆ, ಮೇಲೆ ಅರಗದೆ ಉಳಿದದ್ದೆಲ್ಲ ಅಂಧಾಂತ್ರಕ್ಕೆ ಇಳಿದು, ಕೆಟ್ಟ ಸೂಕ್ಷ್ಮಜೀವಿಗಳಿಗೆ ಔತಣವಾಗುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಒಳಹೊಕ್ಕದ್ದು ಕರುಳಿನ ಮಾರ್ಗವಾಗಿಯೇ ಹೋಗಬೇಕು.

ಮದ್ದೂರು, ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಹುಳು ಜ್ವರಕ್ಕೆ ಕುಳಿತಾಗ ಸೊಪ್ಪು ನಿಲ್ಲಿಸುವುದೂ, ಜ್ವರದಿಂದೆದ್ದ ಮೇಲೆ ಎಳೆಯದಾಗಿ, ಹದವಾಗಿ, ಹೊತ್ತು ನೋಡಿ ಸೊಪ್ಪು ಕೊಡುವುದೂ ಅವರಿಗೆ ತಲೆತಲಾಂತರದಿಂದ ಬಂದ ಶಿಸ್ತು. ತಟ್ಟೆಯ ತುಂಬ ಸೊಪ್ಪು ಸುರಿದವನೇ ದಯಾಳುವೆಂದು ಯಾರೂ ಹೇಳುವುದಿಲ್ಲ. ಹಾಲು ಬಿಡಿಸಿದ ಮೂರು ವಾರಗಳೂ ಮೊಲದ ಮರಿಗೆ ಅಂತಹ ಒಂದು ಸಂಧಿಕಾಲವೇ ಸರಿ. ಆದರೆ ಇಲ್ಲಿ ಮೇವನ್ನು ನಿಲ್ಲಿಸುವುದಲ್ಲ, ಅಳೆದು ಕೊಡುವುದು.

ಈ ವಿಷಯದಲ್ಲಿ ಅತ್ಯಂತ ವಿಸ್ತಾರವಾದ ಪರೀಕ್ಷೆಗಳು ನಡೆದಿರುವುದು ಫ್ರಾನ್ಸ್ ದೇಶದಲ್ಲಿ. ಅಲ್ಲಿ ಮೊಲದ ಸಾಕಣೆಯು ದೊಡ್ಡ ಉದ್ಯಮ. ೧೯೯೬-೯೭ರ ಸುಮಾರಿನಲ್ಲಿ, ಹಾಲು ಬಿಟ್ಟ ಮರಿಗಳನ್ನು ಹೊಟ್ಟೆಯುಬ್ಬರದಿಂದ ಗುಂಪುಗುಂಪಾಗಿ ಕೊಲ್ಲುವ ಕರುಳಿನ ಸಾಂಕ್ರಾಮಿಕವೊಂದು ಅಲ್ಲಿ ತಲೆದೋರಿ, ಬಳಿಕ ಯೂರೋಪಿನ ಇತರ ದೇಶಗಳಿಗೂ ಹರಡಿತು. ಔಷಧಗಳ ಮೇಲೆಯೇ ನೆಚ್ಚಿಕೊಂಡಿರುವುದು ಕ್ಷೇಮವಲ್ಲವೆಂಬ ಅಭಿಪ್ರಾಯವೂ ಬಲಗೊಂಡಿತು. ಬೆಳವಣಿಗೆಯನ್ನು ಹೆಚ್ಚಿಸುವುದಕ್ಕಾಗಿ ಜೀವಿರೋಧಕಗಳನ್ನು ಮೇವಿನಲ್ಲಿ ಬೆರೆಸುವುದನ್ನು ಯೂರೋಪಿನ ಒಕ್ಕೂಟವು ೨೦೦೬ರ ಜನವರಿ ೧ರಿಂದ ನಿಷೇಧಿಸಿತು. ಈ ಮಧ್ಯೆ ಅಲ್ಲಿಯ ರಾಷ್ಟ್ರೀಯ ವ್ಯವಸಾಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಥಿಯೆರಿ ಜಿಡೆನ್ ಮತ್ತು ಅವರ ಸಹೋದ್ಯೋಗಿಗಳು ಕೆಲವು ಗುಂಪಿನ ಮರಿಗಳಿಗೆ ಬೇಕಾದಷ್ಟನ್ನೂ, ಬೇರೆ ಗುಂಪುಗಳಿಗೆ ಅದರಲ್ಲಿ ನೂರಕ್ಕೆ ೮೦, ೭೦, ೬೦ ರಂತೆಯೂ ಮೇವು ಕೊಟ್ಟು ಹೋಲಿಸಿ, ಫಲಿತಾಂಶವನ್ನು ೨೦೦೩ರಲ್ಲಿ ಪ್ರಕಟಿಸಿದರು. ಅನಂತರವೂ ಇಂತಹ ಪರೀಕ್ಷೆಗಳು ನಡೆದು, ೨೦೧೨ರಲ್ಲಿ ಅವುಗಳೆಲ್ಲದರ ಸಮಾಲೋಚನೆ ಹೊರಬಂದಿತು. ಇವುಗಳಿಂದ ತಿಳಿದುಬಂದ ಸಾರಾಂಶವೇನೆಂದರೆ, ಹಾಲು ಬಿಡಿಸಿದ ಬಳಿಕ ಸುಮಾರು ಮೂರು ವಾರಗಳ ಕಾಲ ಮೇವನ್ನು ಐದರಲ್ಲೊಂದು ಭಾಗದಿಂದ ಕಾಲುಭಾಗದವರೆಗೆ ಕಡಮೆ ಮಾಡಿದರೆ, ಕರುಳಿನ ಕಾಯಿಲೆಗಳೂ ಅವುಗಳಿಂದಾಗುವ ಸಾವುಗಳೂ ಕಡಮೆಯಾಗುತ್ತವೆ. ತಿಂದ ಮೇವು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತು ಚೆನ್ನಾಗಿ ಅರಗುತ್ತದೆ. ಫ್ರಾನ್ಸಿನ ವೃತ್ತಿಗಾರರಲ್ಲಿ ಬಹುಮಂದಿ ಈ ಕ್ರಮವನ್ನು ಅಂಗೀಕರಿಸಿದರು.

ಹಾಗಾದರೆ ಬೆಳವಣಿಗೆಯ ಗತಿಯೇನು ಎಂದು ಯಾರಾದರೂ ಕೇಳುವುದು ನ್ಯಾಯವೇ. ಮಿತಿಯ ಕಾಲದಲ್ಲಿ ಮರಿಯ ಬೆಳವಣಿಗೆ ನಿಧಾನವಾಗುವುದು ನಿಶ್ಚಯ. ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ಮಿತಿಯನ್ನು ತೆಗೆದು ಪೂರ್ಣಮೇವು ಕೊಟ್ಟಾಗ, ಹಿಂದುಳಿದ ಮರಿಯು ಪೂರ್ಣಮೇವು ತಿಂದು ಬೆಳೆದ ಮರಿಗಿಂತ ವೇಗವಾಗಿ ಬೆಳೆದು, ಕಳೆದುಕೊಂಡ ತೂಕದಲ್ಲಿ ಬಹುಪಾಲನ್ನು ಮರಳಿ ಪಡೆಯುತ್ತದೆ. ತಡೆದ ಬೆಳವಣಿಗೆಯು ಮತ್ತೆ ಮುಂದುವರಿಯಬಲ್ಲದೆಂಬುದನ್ನು ಆಸ್‌ಬರ್ನ್ ಮತ್ತು ಮೆಂಡೆಲ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಪರೀಕ್ಷಿಸಿ ೧೯೧೫ರಲ್ಲಿಯೇ ತಿಳಿಸಿದ್ದರು. ಮಾರುವ ದಿನ ತೂಕ ಸ್ವಲ್ಪ ಕಡಮೆಯಿರಬಹುದು, ಮಾಂಸದ ಪ್ರಮಾಣವೂ ಅಲ್ಪಸ್ವಲ್ಪ ತಗ್ಗಬಹುದು. ಆದರೆ ಕೊಟ್ಟ ಮೇವಿನ ಒಂದೊಂದು ಕಿಲೋವಿಗೂ ದೊರೆತ ತೂಕ ಹೆಚ್ಚು. ಮಿತಿಯು ಇನ್ನೂ ಕಠಿನವಾಗಿ, ಮೂರರಲ್ಲೊಂದು ಭಾಗಕ್ಕೂ ಮೀರಿ ಕಡಿತವಾದರೆ ಮಾತ್ರ ಹಿಂದುಳಿದ ಮರಿ ಸಕಾಲಕ್ಕೆ ಮಾರಾಟದ ತೂಕಕ್ಕೆ ಬರುವುದಿಲ್ಲ. ಆದುದರಿಂದ ಐದರಲ್ಲಿ ನಾಲ್ಕು ಭಾಗ ಕೊಡುವುದು ವಿಹಿತ. ಮುಕ್ಕಾಲಿಗಿಂತ ಕೆಳಗೆ ಇಳಿಯತಕ್ಕದ್ದಲ್ಲ.

ಲೆಕ್ಕದ ಸೌಕರ್ಯಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಇಪ್ಪತ್ತು ಮರಿಗಳು ಹಾಲು ಬಿಟ್ಟಂದಿನಿಂದ ೩೫ ದಿನಗಳ ಕಾಲ ತಲೆಗೆ ದಿನಂಪ್ರತಿ ಸರಾಸರಿ ೧೦೦ ಗ್ರಾಂ ಒಣಮೇವು ತಿನ್ನುತ್ತವೆಂದು ಇಟ್ಟುಕೊಂಡರೆ, ಖರ್ಚಾಗುವ ಮೇವು ೭೦ ಕಿಲೋ. ಮೊದಲ ೨೧ ದಿನ ೮೦ ಗ್ರಾಂ, ಮುಂದಿನ ೧೪ ದಿನ ೧೦೦ ಗ್ರಾಂ ಕೊಟ್ಟರೆ ೬೧ ಕಿಲೋ ೬೦೦ ಗ್ರಾಂ ಆಗುತ್ತದೆ. ಉಳಿತಾಯ ೮ ಕಿಲೋ ೪೦೦ ಗ್ರಾಂ. ಅದೇ ತೂಕಕ್ಕೆ ಬರಲು ಇನ್ನು ಮೂರು ದಿನ ಹೆಚ್ಚಾಗಿ ಸಾಕಬೇಕಾಯಿತೆನ್ನೋಣ. ಅದಕ್ಕೆ ೬ ಕಿಲೋ ಹೋದರೆ, ನಿಜವಾಗಿ ಉಳಿಯುವುದು ೨ ಕಿಲೋ ೪೦೦ ಗ್ರಾಂ ಮಾತ್ರ. ಇದು ದೊಡ್ಡ ಲಾಭವಲ್ಲ. ಆದರೆ ಪೂರ್ಣಮೇವು ತಿಂದು ಮೂರನೆಯ ವಾರದ ಕೊನೆಯಲ್ಲಿ ಸತ್ತ ಒಂದೇ ಮರಿಯು ಅಷ್ಟರಲ್ಲಿ ೨ ಕಿಲೋ ೧೦೦ ಗ್ರಾಂ ಮೇವನ್ನು ತಿಂದು ಮಣ್ಣುಪಾಲು ಮಾಡಿರುತ್ತದೆ. ಇಪ್ಪತ್ತು ಮರಿಗಳ ಮೇವಿನಲ್ಲಿ ಮಿಕ್ಕಿದುದಕ್ಕೆ ಹೆಚ್ಚು ಕಡಮೆ ಸಮವಾದದ್ದು ಒಂದು ಮರಿಯ ಸಾವಿನಿಂದಲೇ ಹೋಗುತ್ತದೆ. ಮರಿಯ ಬೆಲೆಯೂ ತಾಯಿಗೆ ಹಾಕಿದ ಮೇವೂ ಬೇರೆ. ಆದುದರಿಂದ ಮಿತಿಯ ನಿಜವಾದ ಲಾಭವು ಬೂಸಾದ ಚೀಲದಲ್ಲಿಲ್ಲ, ಬದುಕಿ ಉಳಿದ ಮರಿಗಳ ಎಣಿಕೆಯಲ್ಲಿದೆ. ಎಂಟನೆಯ ವಾರದಲ್ಲಿ ಯಾರ ಮರಿ ದುಂಡಗಿದೆಯೆಂದು ನೋಡುವುದಕ್ಕಿಂತ, ಹಾಲು ಬಿಡಿಸಿದ ಮರಿಗಳಲ್ಲಿ ಎಷ್ಟು ಮಾರಾಟಕ್ಕೆ ಬಂದವೆಂದು ಕೇಳುವುದು ಉತ್ತಮವಾದ ಪರೀಕ್ಷೆ.

ಈ ಕ್ರಮವನ್ನು ನಮ್ಮ ಗ್ರಾಮಗಳಲ್ಲಿ ಆಚರಣೆಗೆ ತರುವ ಬಗೆ ಹೀಗೆ. ಒಂದೇ ಪ್ರಾಯದ ಮರಿಗಳನ್ನು ತೂಗಿ, ಸಮತೂಕದವುಗಳನ್ನು ಒಟ್ಟಿಗೆ ಇರಿಸಬೇಕು. ಒಂದು ಪಂಜರದ ಮರಿಗಳಿಗೆ ಬೇಕಾದಷ್ಟು ಮೇವು ಕೊಟ್ಟು, ಮಿಕ್ಕಿದ್ದನ್ನು ಮರುದಿನ ತೂಗಿ, ತಲೆಗೆ ಎಷ್ಟು ಖರ್ಚಾಯಿತೆಂದು ಗೊತ್ತುಮಾಡಿಕೊಂಡು, ಉಳಿದ ಪಂಜರಗಳಿಗೆ ಅದರಲ್ಲಿ ಐದರಲ್ಲಿ ನಾಲ್ಕು ಭಾಗ ಕೊಡಬೇಕು. ಮರಿ ಬೆಳೆದಂತೆಲ್ಲ ಪೂರ್ಣಮೇವಿನ ಪ್ರಮಾಣವೂ ಏರುವುದರಿಂದ ವಾರಕ್ಕೊಮ್ಮೆಯಾದರೂ ಅಳತೆಯನ್ನು ತಿದ್ದುವುದು ಅವಶ್ಯಕ. ಪಾವು, ಅಚ್ಚೇರುಗಳ ಅಳತೆಯನ್ನು ನಂಬಬಾರದು; ಬೂಸಾ ಹಗುರ, ಹಿಂಡಿ ಭಾರ. ತಕ್ಕಡಿಯೇ ಬೇಕು. ಮಿತಿಯ ಮೇವಿಗೆ ಮರಿಗಳು ಮುಗಿಬೀಳುವುದರಿಂದ, ಎಲ್ಲವೂ ಏಕಕಾಲದಲ್ಲಿ ಬಾಯಿಡಲು ಸ್ಥಳವಿರುವಷ್ಟು ಉದ್ದದ ತೊಟ್ಟಿಯಿರಬೇಕು. ಇಲ್ಲದಿದ್ದರೆ ಬಲವಾದ ಮರಿ ಪೂರ್ಣವಾಗಿ ತಿಂದು, ಬಡಮರಿ ಉಪವಾಸವಿರುತ್ತದೆ. ಅದರಿಂದ ಎರಡಕ್ಕೂ ಕೇಡು. ಮೊಲವು ಸ್ವಭಾವತಃ ಸಂಜೆಯಿಂದ ಬೆಳಗಿನವರೆಗೆ ಹೆಚ್ಚಾಗಿ ತಿನ್ನತಕ್ಕ ಪ್ರಾಣಿಯಾದ್ದರಿಂದ ಮುಖ್ಯವಾದ ಮೇವನ್ನು ಸಾಯಂಕಾಲ ಗೊತ್ತಾದ ಹೊತ್ತಿನಲ್ಲಿ ಕೊಡುವುದು ಮೇಲು. ಮೂರು ವಾರಗಳು ಕಳೆದ ಮೇಲೆ ಒಂದೇ ದಿನ ಪೂರ್ಣಮೇವಿಗೆ ಹಾರದೆ ಮೂರು ನಾಲ್ಕು ದಿನಗಳಲ್ಲಿ ಮೆಲ್ಲಮೆಲ್ಲಗೆ ಏರಿಸಬೇಕು.

ಮೇಲೆ ಹೇಳಿದ ಪರೀಕ್ಷೆಗಳಲ್ಲಿ ನಾರು, ಪಿಷ್ಟ, ಸಾರಜನಕಾಂಶಗಳೆಲ್ಲ ಹದವಾಗಿ ಬೆರೆತ ಗುಳಿಗೆಮೇವನ್ನು ಕೊಟ್ಟಿದ್ದರು. ನಮ್ಮಲ್ಲಿ ಬೂಸಾ ಹಿಂಡಿಗಳೊಂದಿಗೆ ಸೊಪ್ಪನ್ನೂ ಕೊಡುವ ರೂಢಿಯಿರುವುದರಿಂದ ಮಿತಿಯನ್ನು ಬೂಸಾ, ಹಿಂಡಿ, ಕಾಳು, ಎಳೆಯ ಕುದುರೆಮಸಾಲೆ ಮುಂತಾದ ಸಾರವತ್ತಾದ ಮೇವುಗಳ ಮೇಲೆ ಹಾಕಬೇಕು. ಒಣಹುಲ್ಲನ್ನು ಕಡಿಮೆ ಮಾಡತಕ್ಕದ್ದಲ್ಲ. ಮೊಲದ ಹಲ್ಲು ಜೀವವಿರುವವರೆಗೂ ಬೆಳೆಯುತ್ತಿರುವುದರಿಂದ ಅಗಿಯಲು ನಾರು ಬೇಕು. ಕರುಳಿನ ಚಲನೆಗೂ ನಾರೇ ಆಧಾರ. ಹಿಪ್ಪುನೇರಳೆ ಸೊಪ್ಪು ಒಳ್ಳೆಯ ಮೇವೇ ಆದರೂ, ಔಷಧ ಸಿಂಪಡಿಸಿದ ತೋಟದ ಸೊಪ್ಪನ್ನು ಮುಟ್ಟಿಸಬಾರದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯು ಮೊಲಕ್ಕೆ ವಿಷಸಮಾನ.

ನೀರಿಗೆ ಮಾತ್ರ ಯಾವ ಮಿತಿಯೂ ಇರಕೂಡದು. ಮೇವು ಕಡಮೆಯಾದಾಗ ಮರಿಗಳು ನೀರನ್ನು ಹೆಚ್ಚಾಗಿ ಕುಡಿಯುವುದುಂಟು. ಕೆಲವು ಶೀತದೇಶಗಳಲ್ಲಿ ನೀರಿನ ಹೊತ್ತನ್ನು ಕಡಮೆ ಮಾಡಿ ಆ ಮೂಲಕ ಮೇವನ್ನು ತಗ್ಗಿಸುವ ಉಪಾಯವನ್ನೂ ಮಾಡಿದ್ದಾರೆ. ನಮ್ಮ ಬಯಲುಸೀಮೆಯ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಅದನ್ನು ಅನುಕರಿಸಿದರೆ ಅನಾಹುತವೇ ಸರಿ. ಮೊಲಕ್ಕೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿಯಿಲ್ಲ. ಶಾಖವು ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗಲೇ ಅದು ಬಳಲಲಾರಂಭಿಸುತ್ತದೆ. ತಂಪಾದ, ಶುಭ್ರವಾದ ನೀರು ಹಗಲಿರುಳೂ ಇರಬೇಕು. ಸೆಖೆ ಹೆಚ್ಚಾದ ದಿನಗಳಲ್ಲಿ ಮೊಲವು ತಾನಾಗಿಯೇ ಮೇವನ್ನು ಬಿಡುವುದರಿಂದ, ಅದರ ಮೇಲೆ ನಾವು ಮತ್ತೊಂದು ಕಡಿತವನ್ನು ಹೇರಬಾರದು.

ಈ ಸಲಹೆಯು ಯಾರಿಗೆ ಅನ್ವಯಿಸುವುದಿಲ್ಲವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಸಬೇಕಾಗಿದೆ. ಗರ್ಭದ ಕೊನೆಯ ದಿನಗಳಲ್ಲಿರುವ ತಾಯಿಗೂ, ಹಾಲೂಡುವ ತಾಯಿಗೂ ಪೂರ್ಣಮೇವು ಬೇಕು. ಹಾಲು ಬಿಡಿಸುವಾಗಲೇ ಸಣಕಲಾಗಿರುವ ಮರಿಗಳನ್ನು ಬೇರೆ ಇರಿಸಿ, ಒಳ್ಳೆಯ ಮೇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬದುವಿನ ಹುಲ್ಲನ್ನೇ ನಂಬಿ, ಬೂಸಾ ಕೊಳ್ಳಲು ಶಕ್ತಿಯಿಲ್ಲದೆ ನಾಲ್ಕಾರು ಮೊಲಗಳನ್ನು ಸಾಕಿಕೊಂಡಿರುವ ಬಡವನ ಮರಿಗಳು ಈಗಾಗಲೇ ಮಿತಿಗಿಂತ ಕೆಳಗಿವೆ. ಅವನಿಗೆ ಹೋಗಿ, “ಇಲಾಖೆಯವರು ಮೇವು ಕಡಮೆ ಮಾಡಲು ಹೇಳಿದ್ದಾರೆ” ಎಂದು ಯಾರಾದರೂ ಬೋಧಿಸಿದರೆ ಅದು ವಿದ್ಯೆಯಲ್ಲ, ಅವಿವೇಕ. ಪೂರ್ಣವೆಂಬುದು ಇದ್ದ ಕಡೆ ಮಾತ್ರ ಮಿತಿಗೆ ಅರ್ಥವುಂಟು. ಉಳ್ಳವರ ಪಂಜರದಲ್ಲಿ ಅತಿಯಾದುದನ್ನು ತಗ್ಗಿಸುವುದೂ, ಇಲ್ಲದವರ ಪಂಜರದಲ್ಲಿ ಕೊರತೆಯಾದುದನ್ನು ತುಂಬುವುದೂ ಒಂದೇ ಶಾಸ್ತ್ರದ ಎರಡು ಮುಖಗಳು.

ಮೇವಿನ ಮಿತಿಯೊಂದರಿಂದಲೇ ಎಲ್ಲ ಸಾವುಗಳೂ ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಹಾಲು ಬಿಟ್ಟ ಮರಿಗಳನ್ನು ಕೊಲ್ಲುವ ಕಾಯಿಲೆಗಳಲ್ಲಿ ರಕ್ತಭೇದಿಯಂತೆ ತೋರುವ ಕಾಕ್ಸಿಡಿಯೋಸಿಸ್ ಎಂಬುದು ಪ್ರಬಲವಾದದ್ದು. ಅದು ಹಿಕ್ಕೆಯ ಮೂಲಕ ಹರಡತಕ್ಕ ಪರೋಪಜೀವಿಯ ಕಾಯಿಲೆ. ಇದರಲ್ಲಿಯೂ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಇದಕ್ಕೆ ತಂತಿಯ ತಳದ ಪಂಜರ, ದಿನದಿನವೂ ಹಿಕ್ಕೆಯನ್ನು ತೆಗೆಯುವುದು, ಒಣನೆಲ ಇವೇ ರಕ್ಷೆ. ಒಂದೆರಡು ಮರಿಗಳು ಸತ್ತ ಕೂಡಲೇ ಪಶುವೈದ್ಯರಿಗೆ ತೋರಿಸಿ ಕಾರಣವನ್ನು ನಿಶ್ಚಯಿಸಿಕೊಳ್ಳುವುದು ಬುದ್ಧಿವಂತರ ಲಕ್ಷಣ. ಕೊಳಕು ಪಂಜರದಲ್ಲಿ ಮೇವು ಅಳೆದು ಕೊಟ್ಟು ಫಲವಿಲ್ಲವೆಂದು ದೂರುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ.

ಮೂಕಪ್ರಾಣಿಯನ್ನು ಅರೆಹೊಟ್ಟೆಯಲ್ಲಿ ಇರಿಸುವುದು ಪಾಪವಲ್ಲವೇ ಎಂಬ ಮಾತನ್ನು ಮನೆಯ ಹಿರಿಯ ಹೆಂಗಸರಿಂದ ಕೇಳುವುದುಂಟು. ಅದು ತಳ್ಳಿಹಾಕತಕ್ಕ ಮಾತಲ್ಲ. ಮಿತಿಯ ಕಾಲದಲ್ಲಿ ಮರಿಗೆ ಹಸಿವಾಗುವುದು ನಿಜವೇ. ತೊಟ್ಟಿಯ ಬಳಿ ಅದು ಪರದಾಡುವುದೂ ನಿಜವೇ. ಆದುದರಿಂದಲೇ ಮಿತಿಯು ಬೇಕಾದಷ್ಟೇ ಆಗಿ, ಮೂರು ವಾರಗಳಿಗೆ ಮುಗಿಯಬೇಕೆಂದೂ, ಒಣಹುಲ್ಲೂ ನೀರೂ ಸದಾ ಇರಬೇಕೆಂದೂ ಹೇಳಿರುವುದು. ಬೂಸಾದ ಖರ್ಚನ್ನು ಉಳಿಸಿಕೊಳ್ಳುವ ದುರಾಸೆಯಿಂದ ಮಿತಿಯನ್ನು ತಿಂಗಳುಗಟ್ಟಲೆ ಎಳೆಯುವವನು ಆ ಪಾಪಕ್ಕೆ ಗುರಿಯಾಗುವುದು ನ್ಯಾಯ. ಆದರೆ ಮೂರು ವಾರ ಸ್ವಲ್ಪ ಹಸಿದು ಬದುಕುವುದಕ್ಕೂ, ತೃಪ್ತಿಯಾಗಿ ತಿಂದು ಹೊಟ್ಟೆ ಬಿಗಿದು ನರಳಿ ಸಾಯುವುದಕ್ಕೂ ಇರುವ ಭೇದವನ್ನು ಆ ತಾಯಂದಿರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಕಾಯಿಲೆಯಿಂದೆದ್ದ ಮಗುವಿಗೆ ಹಬ್ಬದೂಟ ಬಡಿಸದೆ ಗಂಜಿಯಿಂದ ಆರಂಭಿಸುವವರೂ ಅವರೇ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಮ್ಮ ಹಿರಿಯರ ಗಾದೆಯಲ್ಲಿ ಇಷ್ಟು ವಿಸ್ತಾರವಾದ ಶಾಸ್ತ್ರವು ಅಡಗಿದೆ. ಮೊಲದ ಮರಿಗೆ ಊಟದ ಬಲ್ಮೆಯಿಲ್ಲ. ಅದರ ಪರವಾಗಿ ಬಲ್ಲವರಾಗಬೇಕಾದವರು ಸಾಕುವವರು.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿಯೂ ಹಿಡುವಳಿದಾರರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ಮೊಲ ಸಾಕುವ ಅನೇಕ ಮನೆಗಳಲ್ಲಿ ಮೇವು ಹಾಕುವವರು ಯಜಮಾನರಲ್ಲ, ಆಳು ಅಥವಾ ಮನೆಯ ಹುಡುಗರು. ಅವರಿಗೆ “ಚೆನ್ನಾಗಿ ಹಾಕು” ಎಂದು ಹೇಳಿದರೆ ಅವರು ಸುರಿಯುವರು. “ಕಡಮೆ ಹಾಕು” ಎಂದರೆ ಮರೆಯುವರು. ಇಷ್ಟು ಮರಿಗೆ ಇಷ್ಟು ಗ್ರಾಂ ಎಂದು ಪಂಜರದ ಮೇಲೆ ಬರೆದು, ತಕ್ಕಡಿಯನ್ನು ಪಕ್ಕದಲ್ಲಿಟ್ಟು, ವಾರಕ್ಕೊಮ್ಮೆ ಯಜಮಾನರೇ ಮರಿಗಳನ್ನು ತೂಗಿ, ಸತ್ತವುಗಳನ್ನೂ ಉಳಿದವುಗಳನ್ನೂ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಬೇಕು. ನನ್ನ ಮಾತನ್ನಾಗಲಿ ಪರದೇಶದ ಪರೀಕ್ಷೆಯನ್ನಾಗಲಿ ಕಣ್ಣು ಮುಚ್ಚಿ ನಂಬಬೇಕಾದುದಿಲ್ಲ. ಬರುವ ಸೂಲಿನ ಮರಿಗಳಲ್ಲಿ ಒಂದು ಪಂಜರಕ್ಕೆ ಪೂರ್ಣಮೇವನ್ನೂ, ಇನ್ನೊಂದಕ್ಕೆ ಮಿತಿಯ ಮೇವನ್ನೂ ಕೊಟ್ಟು, ಮಾರಾಟದ ದಿನ ಎರಡರ ಎಣಿಕೆಯನ್ನೂ ತೂಕವನ್ನೂ ಖರ್ಚನ್ನೂ ಎದುರುಬದುರಾಗಿ ಬರೆದು ನೋಡಲಿ. ಒಂದು ಸೂಲಿನಲ್ಲಿ ಕಂಡದ್ದು ಆಕಸ್ಮಿಕವಿರಬಹುದು. ಮೂರು ನಾಲ್ಕು ಸೂಲುಗಳ ಲೆಕ್ಕವನ್ನು ಕೂಡಿಸಿ ನೋಡಿದರೆ ಯಾವುದು ಲೇಸೆಂಬುದು ಅವರ ಪುಸ್ತಕದಿಂದಲೇ ತಿಳಿದುಬರುವುದು. ಊರಿನಲ್ಲಿ ಒಬ್ಬರು ಹೀಗೆ ಲೆಕ್ಕವಿಟ್ಟು ನೆರೆಯವರಿಗೆ ತೋರಿಸಿದರೆ, ಸಾಲ ಮಾಡಿ ಪಂಜರ ಕೊಂಡ ಸಣ್ಣ ಹಿಡುವಳಿದಾರನು ಮೊದಲ ವರ್ಷದಲ್ಲಿಯೇ ಮರಿಗಳನ್ನು ಕಳೆದುಕೊಂಡು ಕಸುಬನ್ನು ಬಿಡುವ ಸ್ಥಿತಿಯು ತಪ್ಪೀತು.

— ವ್ಯವಸಾಯದ ಇನ್ಸ್‌ಪೆಕ್ಟರು, ಎಲ್.ಎಜಿ.